ಮೂಲ ನೋಡಿದೆ ಎಂಬ ಸಹಿ

ವಿಶ್ವವಿದ್ಯಾಲಯದ ಕೈಪಿಡಿಯನ್ನು ಮೊದಲ ಪುಟದಿಂದ ಓದಿದ ಪುಣ್ಯಾತ್ಮರು ಯಾರೂ ಇಲ್ಲ. ಕೈಗೆ ಬಂದ ಕೂಡಲೇ ಎಲ್ಲರೂ ಅದನ್ನು ಹಿಂದಿನಿಂದ ತೆರೆಯುತ್ತಾರೆ. ಅಲ್ಲಿ ಅಧ್ಯಾಪಕರ ಪಟ್ಟಿ ಇರುತ್ತದೆ: ಹೆಸರು, ಹುದ್ದೆ, ಅತ್ಯುನ್ನತ ಪದವಿ, ಅದನ್ನು ಕೊಟ್ಟ ವಿಶ್ವವಿದ್ಯಾಲಯ, ವರ್ಷ. ಪಾಠ ಹೇಗೆ ಮಾಡುತ್ತಾರೆ ಅನ್ನುವುದಕ್ಕೆ ಅದರಲ್ಲಿ ಜಾಗವಿಲ್ಲ. ನಾಲ್ಕನೇ ಕಾಲಮ್ಮಿನಲ್ಲಿ ದೂರದೇಶದ ಹೆಸರಿದ್ದವರು ಕಾರಿಡಾರಿನ ನಡುಮಧ್ಯ ನಡೆಯುತ್ತಾರೆ. ಇಲ್ಲೇ ಓದಿ ಇಲ್ಲೇ ಪದವಿ ಪಡೆದವರದು ಹಿತ್ತಲ ಗಿಡದ ಪಾಡು, ಅವರು ಗೋಡೆ ಸವರಿಕೊಂಡು ಹೋಗುತ್ತಾರೆ.

ಈ ಪಟ್ಟಿಯನ್ನು ಇಪ್ಪತ್ತನಾಲ್ಕು ವರ್ಷದಿಂದ ಮಾಡುತ್ತಿದ್ದವಳನ್ನು ಎಲ್ಲರೂ ಪಟ್ಟಿಯಮ್ಮ ಎಂದೇ ಕರೆಯುತ್ತಿದ್ದರು. ಆಡಳಿತ ಕಟ್ಟಡದ ಎರಡನೇ ಮಹಡಿಯ ಮೂಲೆಕೋಣೆ ಅವಳದು. ಎರಡು ಕಬ್ಬಿಣದ ಬೀರು, ಒಂದು ಕುಂಟು ಫ್ಯಾನು, ಕಿಟಕಿಯಾಚೆ ಸೈಕಲ್ ನಿಲ್ದಾಣ. ಪ್ರತಿ ವರ್ಷ ಒಬ್ಬೊಬ್ಬ ಅಧ್ಯಾಪಕರಿಗೂ ಒಂದು ಚೀಟಿ ಹೋಗುತ್ತಿತ್ತು. ಅವರು ವಿವರ ತುಂಬಿ, ಸಹಿ ಹಾಕಿ, ಪದವಿಯ ಮೂಲ ಪತ್ರ ಹಿಡಿದುಕೊಂಡು ಬರಬೇಕು. ಪಟ್ಟಿಯಮ್ಮ ಎರಡನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ, ರಿಜಿಸ್ಟರಿನಲ್ಲಿ ಆ ಹೆಸರಿನ ಮುಂದೆ "ಮೂಲ ನೋಡಿದೆ" ಎಂದು ಬರೆದು ಸಹಿ ಮಾಡುತ್ತಿದ್ದಳು. ಒಮ್ಮೆ ಒಬ್ಬ ಡೀನ್ ಮೂಲ ಪತ್ರ ತರಲಿಲ್ಲವೆಂದು ಆತನ ಸಾಲನ್ನು ಖಾಲಿ ಬಿಟ್ಟೇ ಅಚ್ಚಿಗೆ ಕಳಿಸಿದ್ದಳು. ಆತ ಕೋಣೆಗೆ ಬಂದು ಕೂಗಾಡಿದಾಗ ತಲೆಯೆತ್ತದೆ, "ಕಾಗದ ತನ್ನಿ, ಸಾಲು ತಗೊಂಡು ಹೋಗಿ" ಎಂದಿದ್ದಳು. ಕಾಗದದ ವಿಷಯಕ್ಕೆ ಬಂದರೆ ಅವಳು ಹೆತ್ತವರನ್ನೂ ನಂಬುವವಳಲ್ಲ ಎಂದು ಟೈಪಿಸ್ಟುಗಳು ಆಡಿಕೊಳ್ಳುತ್ತಿದ್ದರು.

ಹೆತ್ತವರ ಮಾತು ಬಿಡಿ, ಭಾವನನ್ನು ನಂಬುತ್ತಿದ್ದಳು.

ಭಾವ ಅದೇ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕ. ಅಪ್ಪ ಸತ್ತಾಗ ಇವಳಿಗೆ ಹದಿನಾಲ್ಕು, ಅಕ್ಕನ ಮದುವೆಯಾಗಿ ಇನ್ನೂ ಆರು ತಿಂಗಳು. ಒಂದೇ ಕೋಣೆಯ ಮನೆಯಲ್ಲಿ ಹೊಸ ಹೆಂಡತಿಯ ಜೊತೆ ನಾದಿನಿಗೂ ಹಾಸಿಗೆ ಹಾಸಿಕೊಟ್ಟ ಮನುಷ್ಯ ಆತ. ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟ, ಕಾಲೇಜಿಗೆ ಸೇರಿಸಿದ, ಕಡೆಗೆ ಈ ಕೆಲಸದ ಅರ್ಜಿಯನ್ನೂ ತಾನೇ ತಂದುಕೊಟ್ಟ. ಅಂಥವನಿಗೆ ಚೀಟಿ ಕಳಿಸಿ ಮೂಲ ಪತ್ರ ಕೇಳುವುದೇ? ಮನೆಯವರಿಗೆ ಎಂಥ ಚೀಟಿ ಎಂದು ಪ್ರತಿ ವರ್ಷ ಅವನ ಸಾಲನ್ನು ತಾನೇ ತುಂಬಿ, ಮುಂದೆ "ಮೂಲ ನೋಡಿದೆ" ಎಂದು ಬರೆದು, ತಾನೇ ಸಹಿ ಮಾಡಿಬಿಡುತ್ತಿದ್ದಳು. ಮುನ್ನೂರ ಹನ್ನೆರಡು ಜನರಲ್ಲಿ ಆ ಒಂದೇ ಸಾಲಿಗೆ ಕಣ್ಣು ಮುಚ್ಚಿದ್ದಳು.

ಈ ಸಲ ಹೊರಗಿನಿಂದ ಪರಿಶೀಲನಾ ಸಮಿತಿ ಬರುವುದಿತ್ತು. ಅಧ್ಯಾಪಕರು ತೋರಿಸುವ ಪತ್ರ ಸಾಲದು, ಪದವಿ ಕೊಟ್ಟ ವಿಶ್ವವಿದ್ಯಾಲಯವೇ ನೇರವಾಗಿ ಬರೆದು ಖಚಿತಪಡಿಸಬೇಕು ಎಂದು ಅವರ ಷರತ್ತು. ಪಟ್ಟಿಯಮ್ಮ ಮುನ್ನೂರ ಹನ್ನೆರಡು ಕಾಗದ ಬರೆದಳು. ಉತ್ತರಗಳು ಒಂದೊಂದಾಗಿ ಬಂದವು, ಅವಳು ಒಂದೊಂದಕ್ಕೂ ಗುರುತು ಹಾಕುತ್ತ ಹೋದಳು. ಒಂದು ಮಂಗಳವಾರ ಬೆಳಿಗ್ಗೆ ಬಂದ ಲಕೋಟೆಯಲ್ಲಿ ನಾಲ್ಕೇ ಸಾಲಿತ್ತು. ಸದರಿಯವರು ಪ್ರಬಂಧ ಸಲ್ಲಿಸಿದ್ದು ನಿಜ. ಎರಡು ಅಧ್ಯಾಯಗಳನ್ನು ತಿದ್ದಿ ಮರಳಿ ಸಲ್ಲಿಸಲು ಪರೀಕ್ಷಕರು ಸೂಚಿಸಿದ್ದರು. ಮರಳಿ ಸಲ್ಲಿಕೆಯಾಗಿಲ್ಲ. ಪದವಿ ಪ್ರದಾನವಾಗಿಲ್ಲ.

ಹೆಸರು ಭಾವನದು.

ಮೂರು ಸಲ ಓದಿದಳು. ಬೇರೆಯವರ ಹೆಸರಾಗಿದ್ದರೆ ಆ ವಿಶ್ವವಿದ್ಯಾಲಯದ ಕಚೇರಿಯದೇ ತಪ್ಪು ಇರಬೇಕು ಎಂದು ಇನ್ನೊಂದು ಕಾಗದ ಬರೆಯುತ್ತಿದ್ದಳು. ಆದರೆ ಇದು ನಿಜವೆಂದು ಅವಳಿಗೆ ಆ ಕ್ಷಣವೇ ತಿಳಿಯಿತು, ಏಕೆಂದರೆ ಇದರ ಬುಡ ಎಲ್ಲಿದೆ ಅನ್ನುವುದು ಅವಳಿಗೆ ಗೊತ್ತಿತ್ತು. ಅವಳು ಕೆಲಸಕ್ಕೆ ಸೇರಿದ ಮೊದಲ ವರ್ಷ ಪಟ್ಟಿಯಲ್ಲಿ ಭಾವನ ಪದವಿಯ ಪಕ್ಕ ಒಂದು ಚುಕ್ಕಿ ಇತ್ತು. ಪುಟದ ಕೆಳಗೆ "ಪ್ರಬಂಧ ಸಲ್ಲಿಸಲಾಗಿದೆ, ಪದವಿ ನಿರೀಕ್ಷೆಯಲ್ಲಿದೆ" ಎಂದು ಅದರ ವಿವರಣೆ. ಇನ್ನೊಂದು ತಿಂಗಳಲ್ಲಿ ಪದವಿ ಬಂದೇ ಬರುತ್ತದೆ, ಕೈಪಿಡಿ ಪುಸ್ತಕವೋ ಒಂದು ವರ್ಷ ಎಲ್ಲರ ಮೇಜಿನ ಮೇಲಿರುತ್ತದೆ, ಅಷ್ಟು ದಿನ ಯಾಕೆ ಆತ ಗೋಡೆ ಸವರಿಕೊಂಡು ನಡೆಯಬೇಕು ಎಂದುಕೊಂಡು ಅವಳು ಆ ಚುಕ್ಕಿಯನ್ನು ಅಳಿಸಿದ್ದಳು. ಅನ್ನ ಹಾಕಿದವನಿಗೆ ಅವಳು ತೀರಿಸಿದ ಮೊದಲ ಋಣ ಅದು.

ಪುಸ್ತಕ ಅಚ್ಚಾಗಿ ಬಂದ ದಿನ ಅಕ್ಕ ಓಡಿಬಂದು, "ನಿಮ್ಮ ಭಾವಂಗೆ ಡಾಕ್ಟರೇಟ್ ಬಂತು ಕಣೇ!" ಎಂದು ಬಾಯಿಗೆ ಸಿಹಿ ತುರುಕಿದ್ದಳು. ಭಾವ ಪಕ್ಕದಲ್ಲೇ ಕೂತು ನಗುತ್ತಿದ್ದ. ಬಂದಿರಬೇಕು ಎಂದು ಇವಳೂ ನಂಬಿದಳು. ಅಕ್ಕ ನಂಬಿದ್ದು ಪುಸ್ತಕವನ್ನು, ಇವಳು ನಂಬಿದ್ದು ಅಕ್ಕನನ್ನು, ಪುಸ್ತಕ ನಂಬಿದ್ದು ಇವಳನ್ನು. ಭಾವ ಬಾಯಿ ಬಿಟ್ಟು ಏನೂ ಹೇಳಿರಲಿಲ್ಲ.

ಮಧ್ಯಾಹ್ನ ಅವನ ಕೋಣೆಗೆ ಹೋದಳು. ಅವನು ಉತ್ತರಪತ್ರಿಕೆ ತಿದ್ದುತ್ತಿದ್ದ. ಬಾಗಿಲು ಹಾಕಿ ಕಾಗದವನ್ನು ಅವನ ಮುಂದಿಟ್ಟಳು. ಓದಿದ ಮೇಲೆ ಅವನು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ.

"ಯಾಕೆ ಭಾವ? ಎರಡು ಅಧ್ಯಾಯ ತಾನೇ? ತಿದ್ದಿ ಕೊಡೋಕೆ ಏನಾಗಿತ್ತು?"

"ಕೊಡ್ತಿದ್ದೆ. ಅಷ್ಟರಲ್ಲಿ ನಿನ್ನ ಪುಸ್ತಕ ಬಂತು. ಎಲ್ಲರೂ ಕೈ ಕುಲುಕಿದ್ರು. ನಿಮ್ಮಕ್ಕ ಬೀದಿಗೆಲ್ಲ ಸಿಹಿ ಹಂಚಿದ್ಲು. ತಿದ್ದೋಕೆ ರಜೆ ಬೇಕು, ಯಾಕೆ ಅಂತ ಕೇಳಿದ್ರೆ ಏನು ಹೇಳ್ಲಿ? ಈ ವರ್ಷ ಬೇಡ, ಮುಂದಿನ ವರ್ಷ ಅಂದ್ಕೊಂಡೆ." ಕನ್ನಡಕ ಹಾಕಿಕೊಂಡ. "ಚುಕ್ಕಿ ತೆಗೆದದ್ದು ನೀನು."

"ಹೌದು, ನಾನೇ. ಬಾಯಿ ಮುಚ್ಚಿಕೊಂಡಿದ್ದು ನೀವು."

ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅವನು ತಗ್ಗಿದ ದನಿಯಲ್ಲಿ, ಇನ್ನು ಹದಿನಾಲ್ಕು ತಿಂಗಳಿಗೆ ನಿವೃತ್ತಿ, ಈ ಕಾಗದ ಬಂದೇ ಇಲ್ಲ ಅಂತ ಇಟ್ಟುಕೋ ಎಂದ. ತನ್ನ ಕೈಕೆಳಗೆ ಒಂಬತ್ತು ಜನ ಡಾಕ್ಟರೇಟ್ ಪಡೆದಿದ್ದಾರೆ, ಮಾರ್ಗದರ್ಶಕನಿಗೇ ಪದವಿ ಇಲ್ಲ ಅಂತಾದರೆ ಅವರ ಪದವಿಯೂ ನೀರಿನ ಮೇಲೆ ನಿಲ್ಲುತ್ತದೆ ಎಂದ. ಆ ಒಂಬತ್ತೂ ಜನ ಈಗ ಇಲ್ಲೇ ಅಧ್ಯಾಪಕರು, ಹೆಸರೆಲ್ಲ ಅವಳಿಗೆ ಬಾಯಿಪಾಠ. ಪ್ರತಿ ವರ್ಷ ಆ ಸಾಲುಗಳನ್ನು ಬರೆದವಳು ಅವಳೇ.

"ಬಂದ ಕಾಗದದ ಆವಕ ರಿಜಿಸ್ಟರಿನಲ್ಲಿ ನಂಬರ್ ಬಿದ್ದಿದೆ ಭಾವ. ಮುಚ್ಚಿಡೋಕಾಗಲ್ಲ," ಎಂದಳು. "ಒಂದು ಕೆಲಸ ಮಾಡೋಣ. ನನ್ನ ಪಾಲಿನ ತಪ್ಪು ನಾನು ಬರೆದು ಕೊಡ್ತೀನಿ. ನಿಮ್ಮ ಪಾಲಿಂದು ನೀವು ಹೇಳಿ. ಇಬ್ಬರೂ ಸೇರಿ ಹೊತ್ತರೆ ಒಬ್ಬರ ಬೆನ್ನು ಮುರಿಯಲ್ಲ."

"ಹೇಳ್ತೀನಿ," ಎಂದ ಭಾವ. ಅವಳ ತಲೆಯ ಮೇಲೆ ಕೈಯಿಟ್ಟ. ಅವಳಿಗೆ ಅಳು ಬಂತು.

ಅಂದೇ ಸಂಜೆ ಕುಲಸಚಿವರಿಗೆ ಬರೆದು ಕೊಟ್ಟಳು. ಮೊದಲ ವರ್ಷ ಚುಕ್ಕಿ ತೆಗೆದದ್ದು ತಾನು, ತೆಗೆ ಎಂದು ಭಾವ ಕೇಳಿರಲಿಲ್ಲ, ಅವರ ಮೂಲ ಪತ್ರವನ್ನು ತಾನು ಒಮ್ಮೆಯೂ ನೋಡಿಲ್ಲ. ಮೂರೂ ಸತ್ಯವೇ.

ಮರುದಿನ ಕುಲಸಚಿವರು ಕರೆಸಿದರು. ಒಳ್ಳೆಯ ಮನುಷ್ಯ, ದನಿ ಏರಿಸಿದವರಲ್ಲ. ಮೇಜಿನ ಮೇಲೆ ಭಾವನ ಸೇವಾ ಕಡತ ತೆರೆದಿತ್ತು. "ನಿಮಗೇ ತೋರಿಸ್ಬೇಕು ಅಂತ ಕರೆಸ್ದೆ. ನೋಡಿ," ಎಂದು ಹಾಳೆ ತಿರುವಿದರು. ಬಡ್ತಿಯ ಅರ್ಜಿಯಲ್ಲಿ ವಿದ್ಯಾರ್ಹತೆಯ ಮುಂದೆ ಭಾವನ ದುಂಡು ಅಕ್ಷರ: "ಕೈಪಿಡಿ ನೋಡಿ." ಎರಡನೇ ಬಡ್ತಿಗೂ ಕೈಪಿಡಿ ನೋಡಿ. ಮಾರ್ಗದರ್ಶಕನಾಗಲು ಹಾಕಿದ ಅರ್ಜಿ, ಸಂಬಳದ ನಮೂನೆ, ವಿಮೆಯ ನಮೂನೆ, ಎಲ್ಲದರಲ್ಲೂ ಅದೇ. ಹೆಸರಿನ ಮುಂದೆ ಡಾಕ್ಟರ್ ಎಂದು ಇಪ್ಪತ್ತನಾಲ್ಕು ವರ್ಷದಲ್ಲಿ ಒಂದು ಸಲವೂ ಅವನು ತನ್ನ ಕೈಯಲ್ಲಿ ಬರೆದಿರಲಿಲ್ಲ. ಬಾಗಿಲಿನ ಹಲಗೆ ಬರೆಸಿದ್ದು ಇಲಾಖೆ, ಪತ್ರಗಳಲ್ಲಿ ಬರೆದದ್ದು ವಿದ್ಯಾರ್ಥಿಗಳು.

"ಎಲ್ಲರದೂ ಸಹಿ ಮಾಡಿದ ಚೀಟಿ ಇದೆ. ಅವರದು ಒಂದೂ ಇಲ್ಲ. ಇರೋದೆಲ್ಲ ನಿಮ್ಮ ಸಹಿ," ಎಂದರು ಕುಲಸಚಿವರು.

ಅವಳು ಆ ದುಂಡು ಅಕ್ಷರಗಳನ್ನೇ ನೋಡುತ್ತ ನಿಂತಳು. ಅಂಜಿಕೆಯಿಂದ ಸುಮ್ಮನಿದ್ದಾನೆ ಎಂದುಕೊಂಡಿದ್ದಳು. ಅಂಜಿದವನು ಒಂದಲ್ಲ ಒಂದು ಕಡೆ ಎಡವುತ್ತಾನೆ. ಇವನು ಒಮ್ಮೆಯೂ ಎಡವದೆ, ಕೆಸರಿನಲ್ಲಿ ಪಂಚೆ ಎತ್ತಿ ನಡೆದವನ ಹಾಗೆ ದಾಟಿಬಂದಿದ್ದ. ಆದರೂ ಅವಳು ಮನಸ್ಸಿನಲ್ಲಿ ವಾದ ಹೂಡಿದಳು. ಆಗ ಏನೇ ಇರಲಿ, ಈಗ ಹೇಳುತ್ತೇನೆ ಎಂದಿದ್ದಾರೆ. ತಲೆಯ ಮೇಲೆ ಕೈಯಿಟ್ಟು ಹೇಳಿದ್ದಾರೆ.

ವಿಚಾರಣೆ ಸಭಾಕೋಣೆಯಲ್ಲಿ ನಡೆಯಿತು. ಮೇಜಿನ ಆ ಕಡೆ ಮೂವರು, ಈ ಕಡೆ ಇವರಿಬ್ಬರು, ನಡುವೆ ನೀರಿನ ಲೋಟಗಳು. ಮೊದಲು ಅವಳ ಹೇಳಿಕೆಯನ್ನು ಓದಿದರು. ಸರಿಯೇ ಎಂದು ಕೇಳಿದರು. ಸರಿ ಎಂದಳು. ಆಮೇಲೆ ಭಾವನ ಕಡೆ ತಿರುಗಿದರು.

ಭಾವ ತರಗತಿಯಲ್ಲಿ ಹೇಳುವಂತೆ ನಿಧಾನವಾಗಿ, ಬಿಡಿಬಿಡಿಯಾಗಿ ಹೇಳಿದ. "ಪಟ್ಟಿ ಮಾಡೋರು ನನ್ನನ್ನ ಯಾವತ್ತೂ ಏನೂ ಕೇಳಿಲ್ಲ. ಚೀಟಿ ಬಂದಿದ್ರೆ ಇದ್ದದ್ದನ್ನ ಬರೀತಿದ್ದೆ. ಸಲ್ಲಿಸಿದ ಪ್ರಬಂಧವೇ ಸಾಕು ಅಂತ ಆಡಳಿತ ತೀರ್ಮಾನ ಮಾಡಿದೆ ಅಂದ್ಕೊಂಡಿದ್ದೆ. ಅವರು ನಮ್ಮ ಸಂಬಂಧಿ ಅನ್ನೋದಕ್ಕೆ ನನಗೆ ಸಂಕಟ ಆಗ್ತಿದೆ. ಅಭಿಮಾನಕ್ಕೆ ಮಾಡಿರಬೇಕು."

ಅಷ್ಟೇ. ಅವಳ ಕಡೆ ನೋಡಲಿಲ್ಲ. ಸುಳ್ಳು ಎಂದು ಕೂಗಬೇಕೆಂದು ಅವಳ ಬಾಯಿ ತೆರೆಯಿತು. ಆದರೆ ಯಾವ ಮಾತನ್ನು ಸುಳ್ಳೆನ್ನುವುದು? ಚೀಟಿ ಕಳಿಸಿರಲಿಲ್ಲ, ನಿಜ. ಕೇಳಿರಲಿಲ್ಲ, ನಿಜ. ಅಭಿಮಾನಕ್ಕೆ ಮಾಡಿದ್ದು, ಅದು ಎಲ್ಲಕ್ಕಿಂತ ನಿಜ. ಮೊನ್ನೆ ಬಾಗಿಲು ಹಾಕಿಕೊಂಡು ಆಡಿದ ಮಾತಿಗೆ ಮೂಲ ಪತ್ರ ಎಲ್ಲಿಂದ ತರುವುದು?

ಮೇಜಿನ ಆ ಕಡೆಯ ಮೂವರಿಗೂ ಹೋದ ಜೀವ ಬಂದ ಹಾಗಾಯಿತು. ಪ್ರಾಧ್ಯಾಪಕ ವಂಚಕನೆಂದರೆ ಒಂಬತ್ತು ಪದವಿ ರದ್ದಾಗಬೇಕು, ಪತ್ರಿಕೆಯಲ್ಲಿ ಬರುತ್ತದೆ, ಹೊರಗಿನ ಸಮಿತಿ ಹುಬ್ಬೇರಿಸುತ್ತದೆ. ಗುಮಾಸ್ತೆಯ ತಪ್ಪೆಂದರೆ ಹಾವೂ ಸಾಯಿತು, ಕೋಲೂ ಮುರಿಯಲಿಲ್ಲ. ಆದೇಶ ಹೀಗೆ ಬಂತು: ಪ್ರಾಧ್ಯಾಪಕರು ಆರೋಗ್ಯದ ಕಾರಣದಿಂದ ಸ್ವಯಂ ನಿವೃತ್ತಿ ಪಡೆಯುವುದು, ಮಾರ್ಗದರ್ಶನದ ಕಡತಗಳಿಗೆ ಇಲಾಖೆಯ ಮುಖ್ಯಸ್ಥರ ಸಹಿಯೂ ಇರುವುದರಿಂದ ಒಂಬತ್ತು ಪದವಿಗಳು ಊರ್ಜಿತವಾಗುವುದು, ಗುಮಾಸ್ತೆಯನ್ನು ದಾಖಲೆ ತಿದ್ದಿದ್ದಕ್ಕಾಗಿ ಸೇವೆಯಿಂದ ವಜಾ ಮಾಡುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಓದಿದವರ ಮನೆಯಲ್ಲೂ ನಡೆಯುತ್ತದೆ, ನೀಟಾಗಿ ಟೈಪಾಗಿ ನಡೆಯುತ್ತದೆ ಅನ್ನುವುದಷ್ಟೇ ವ್ಯತ್ಯಾಸ.

ಬೀರುಗಳ ಬೀಗದ ಕೈ ಕೊಟ್ಟು ಹೊರಬಂದ ದಿನ ಅವಳು ನೇರ ಅಕ್ಕನ ಮನೆಗೆ ಹೋದಳು. ಮಾತು ತಪ್ಪಿದ್ದು ಯಾಕೆ ಎಂದು ಅವನನ್ನು ಕೇಳಬೇಕಿತ್ತು, ಅದೊಂದೇ. ಬಾಗಿಲು ತೆರೆದದ್ದು ಅಕ್ಕ. ಅತ್ತು ಅತ್ತು ಕಣ್ಣು ಊದಿತ್ತು. ಒಳಗೆ ಬಾ ಅನ್ನಲಿಲ್ಲ.

"ಯಾಕೇ ಹಿಂಗ್ ಮಾಡ್ದೆ?" ಎಂದಳು ಅಕ್ಕ. "ಅವರು ಎಲ್ಲ ಹೇಳಿದ್ರು. ಇಲ್ಲದ್ದನ್ನ ನೀನು ಪುಸ್ತಕದಲ್ಲಿ ಬರೆದುಬಿಟ್ಟೆ. ಅದನ್ನ ನೋಡಿ ನಾನು ಬೀದಿಗೆಲ್ಲ ಸಿಹಿ ಹಂಚಿದೆ. ನಿನ್ನ ಮರ್ಯಾದೆ ಹೋಗುತ್ತೆ ಅಂತ ಅವರು ಇಷ್ಟು ವರ್ಷ ಬಾಯಿ ಬಿಡಲಿಲ್ಲವಂತೆ. ನಿನಗೋಸ್ಕರ ನುಂಗಿಕೊಂಡ್ರಂತೆ ಕಣೇ! ಉಂಡ ಮನೆಗೆ ಎರಡು ಬಗೆದೆಯಲ್ಲೇ."

ಅಕ್ಕನ ಭುಜದಾಚೆ ಭಾವ ಕಾಣುತ್ತಿದ್ದ. ಬೆನ್ನು ಮಾಡಿಕೊಂಡು ಮೇಜಿನ ಮುಂದೆ ಕೂತು ಏನೋ ಓದುತ್ತಿದ್ದ. ಹಾಳೆ ಮಾತ್ರ ತಿರುವುತ್ತಿರಲಿಲ್ಲ. ಒಂದು ಮಾತು ಹೇಳಲಿ, ಅಥವಾ ತಿರುಗಿಯಾದರೂ ನೋಡಲಿ ಎಂದು ಪಟ್ಟಿಯಮ್ಮ ಕಾದಳು. ಹೇಳಬೇಕಾದದ್ದೆಲ್ಲ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಆಡಿದರೆ ಅಕ್ಕನಿಗೆ ಗಂಡ ಉಳಿಯುವುದಿಲ್ಲ. ಈ ವಯಸ್ಸಿನಲ್ಲಿ, ಈ ಮುಖ ಹೊತ್ತುಕೊಂಡು, ಅಕ್ಕ ಯಾರ ಜೊತೆ ಬದುಕಬೇಕು? ಈ ಲೆಕ್ಕವನ್ನೂ ಅವನು ಮೊದಲೇ ಹಾಕಿದ್ದ ಎಂದು ಅವಳಿಗೆ ಹೊಳೆಯಿತು.

"ತಪ್ಪಾಯ್ತಕ್ಕ," ಎಂದಳು.

"ನನ್ನ ಹತ್ರ ಅಲ್ಲ. ಅವರ ಹತ್ರ ಹೇಳು."

ಅಕ್ಕ ದಾರಿ ಬಿಟ್ಟಳು. ಪಟ್ಟಿಯಮ್ಮ ಚಪ್ಪಲಿ ಕಳಚಿ ಒಳಗೆ ಹೋಗಿ ಆ ಬೆನ್ನಿನ ಹಿಂದೆ ನಿಂತಳು.

"ತಪ್ಪಾಯ್ತು ಭಾವ."

"ಇರ್ಲಿ ಬಿಡು," ಎಂದ ಭಾವ, ತಿರುಗದೆ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೋಡಿದ್ಯಾ," ಎಂದಳು ತಂಗಿಗೆ, "ಎಂಥಾ ದೊಡ್ಡ ಮನಸ್ಸು ಅವರದು."