ಎಣಿಸದೆ ಕತ್ತರಿಸಿದ ತಂತಿ

ಮೋಟಾರು ರಿಪೇರಿ ಬಲ್ಲವರು ಕ್ಷಮಿಸಬೇಕು. ಆ ಕೆಲಸ ನನಗೆ ಬಾರದು. ಎಲ್ಲಾದರೂ ತಪ್ಪು ಹೇಳಿಬಿಡುತ್ತೇನೋ ಎಂಬ ಅಂಜಿಕೆಯಲ್ಲೇ ಇದನ್ನು ಹೇಳುತ್ತಿದ್ದೇನೆ.

ಭಾರತೀನಗರದ ವೈಂಡಿಂಗ್ ಅಂಗಡಿಯಲ್ಲಿ ನುಜ್ಹತ್ ಕಟ್ಟರ್ ಹಿಡಿದು ನಿಂತುಬಿಟ್ಟಿದ್ದಳು. ಸುಟ್ಟುಹೋದ ಪಂಪಿನ ಮೋಟಾರಿನ ತಂತಿಯನ್ನೆಲ್ಲ ಕತ್ತರಿಸಿ ಗುಜರಿ ರಾಶಿಗೆ ಎಸೆದಾಗಿತ್ತು. ತಂತಿಯ ದಪ್ಪ ಅಳೆದಿದ್ದಳು. ಎಷ್ಟು ಸುತ್ತು ಇತ್ತೆಂದು ಎಣಿಸಿರಲಿಲ್ಲ. ಹೊಸದನ್ನೂ ಅಷ್ಟೇ ಸುತ್ತಬೇಕು, ಇಲ್ಲವಾದರೆ ಮೋಟಾರು ಮತ್ತೆ ಸುಡುತ್ತದೆ. ಐಟಿಐಯಲ್ಲಿ ಮೊದಲು ಕಲಿಸಿದ್ದೇ ಇದನ್ನು. ಫೋನಿನಲ್ಲಿ ಹುಡುಕಿದಳು. ಅಷ್ಟು ಹಳೆಯ ಮೋಟಾರಿನ ಲೆಕ್ಕ ಸಿಗಲಿಲ್ಲ.

"ಆಯ್ತೇನವ್ವಾ? ಕಬ್ಬು ಒಣಗ್ತಾ ಅದೆ," ಎಂದ ಮೋಟಾರು ತಂದಿದ್ದ ಕೊಪ್ಪದ ಪುಟ್ಟಮಾದಯ್ಯ.

ಮೂಲೆಯಲ್ಲಿ ಅವಳ ಅಜ್ಜಿ ಸುಲ್ತಾನ್ ಬೀ ಎಲೆಅಡಿಕೆ ಡಬ್ಬಿ, ಕನ್ನಡಕವನ್ನು ಚೀಲಕ್ಕೆ ತುಂಬುತ್ತಿದ್ದರು. ನಲವತ್ತು ವರ್ಷ ಇಲ್ಲೇ ಕೂತು ತಂತಿ ಸುತ್ತಿದವರು. ಸುತ್ತುವ ಮಿಷಿನ್ ಬಂದಿದೆ, ನಿಮಗೆ ಕಣ್ಣೂ ಮಂಜು, ನಾಳೆಯಿಂದ ಬರಬೇಡಿ ಎಂದು ಮಗ ಕರೀಂ, ನುಜ್ಹತ್‌ಳ ಅಪ್ಪ, ಬೆಳಿಗ್ಗೆ ಹೇಳಿ ಮಂಡ್ಯಕ್ಕೆ ಹೋಗಿದ್ದ. ನುಜ್ಹತ್ ಕೂಡ ಹೂಂಗುಟ್ಟಿದ್ದಳು.

"ದಾದೀ," ಎಂದಳು ಈಗ, ದನಿ ತಗ್ಗಿಸಿ. "ಸುತ್ತು ಎಣಿಸ್ಲೇ ಇಲ್ಲ."

"ಫೋನ್ ತಿಕ್ಕೋಕಷ್ಟೇ ಬೆರಳು ನಿಮ್ಗೆ, ಈ ಕಾಲದ ಹುಡುಗೀರ್ಗೆ!"

"ಅಜ್ಜಿ ಕೈಗೆ ಕೊಟ್ಟೀಯವ್ವ, ಉಸಾರು. ಕಣ್ಣೇ ಕಾಣಾಕಿಲ್ಲ," ಎಂದ ಪುಟ್ಟಮಾದಯ್ಯ.

"ನಿನ್ ಮೋರೆ ನೋಡೋಕೆ ಕಣ್ ಯಾಕಪ್ಪ ಬೇಕು? ಸುಮ್ಕೆ ಕೂತ್ಕೊ."

ಸುಲ್ತಾನ್ ಬೀ ಮೋಟಾರಿನೊಳಗೆ ತಂತಿ ಕೂರುವ ಖಾನೆಗಳಲ್ಲಿ ಒಂದೊಂದಾಗಿ ಬೆರಳಾಡಿಸಿದರು. ಕಣ್ಣು ಮುಚ್ಚಿಯೇ ಇತ್ತು.

"ನಲವತ್ತಾರು."

"ಖಾತ್ರೀನಾ ದಾದೀ?"

"ಸುತ್ತು, ನೋಡಾಣ. ಆ ಮಿಷಿನ್ ನಂಬರು ನಂಗ್ ಕಾಣಲ್ಲ, ನೀನು ಜೋರಾಗಿ ಓದು."

ಮಿಷಿನ್ ಸುತ್ತಿತು, ಮೊಮ್ಮಗಳು ಓದಿದಳು, ಅಜ್ಜಿ ಒಂದೊಂದೇ ಸುರುಳಿಯನ್ನು ಖಾನೆಗೆ ಒತ್ತಿ ಕೂರಿಸಿದರು. ರಾತ್ರಿ ಊಟಕ್ಕೆ ಕೂತಾಗ ನುಜ್ಹತ್ ತನ್ನ ತಪ್ಪನ್ನು ಅಪ್ಪನಿಗೆ ತಾನೇ ಹೇಳಿದಳು.

ಸುರುಳಿಗಳಿಗೆ ಬಳಿದ ವಾರ್ನಿಷ್ ಒಣಗಿದ್ದು ಮಾರನೆಯ ಮಧ್ಯಾಹ್ನ. ಬರಬೇಡಿ ಎಂದಿದ್ದ ಅಂಗಡಿಗೆ ಸುಲ್ತಾನ್ ಬೀ ಬಂದಿದ್ದರು. ಕೈ ಹಿಡಿದು ಕರೆತಂದವಳು ನುಜ್ಹತ್. ಕರೀಂ ಸ್ವಿಚ್ ಹಾಕಿದ. ಅರ್ಧ ಗಂಟೆ ಓಡಿದ ಮೋಟಾರಿನ ಮೈ ಮುಟ್ಟಿ ನೋಡಿದ. ಕೈ ತೆಗೆಯುವಂತಹ ಬಿಸಿ ಇರಲಿಲ್ಲ.

"ಅಮ್ಮೀ," ಎಂದ, ಮುಖ ನೋಡದೆ. "ಮದ್ದೂರಿಂದ ಇನ್ನೊಂದು ಬಂದೈತೆ. ಬಿಚ್ಚೋಕ್ ಮುಂಚೆ ನೀವೂ ಒಂದ್ಸಲ ನೋಡ್ಬಿಡಿ."

ಅಜ್ಜಿ, ಮೊಮ್ಮಗಳು ಇಬ್ಬರೂ ಆ ಮೋಟಾರಿನ ಮೇಲೆ ಬಗ್ಗಿದರು. ನುಜ್ಹತ್ ಒಂದೊಂದೇ ಎಳೆ ಬಿಡಿಸಿ ಎಣಿಸುತ್ತಿದ್ದಳು.

ಆ ನಲವತ್ತಾರು ಹಳೆಯ ನೆನಪೋ, ಬೆರಳಿಗೆ ಸಿಕ್ಕ ಲೆಕ್ಕವೋ, ಬರೀ ಅಂದಾಜೋ, ನನಗೆ ಗೊತ್ತಿಲ್ಲ. ನುಜ್ಹತ್ ಕೇಳಿದಳಂತೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತರಂತೆ.