ಕುಂದ್ರಲೇನು?

ಸತ್ತ ತಮ್ಮನ ಬೆನ್ನನ್ನು ಜಡೆಮ್ಮ ಗೋಡೆಗೆ ಒರಗಿಸುತ್ತಿದ್ದಳು. ಇನ್ನೊಬ್ಬ ತಮ್ಮ ವಿರೂಪಾಕ್ಷಿ ಕಾಲು ಹಿಡಿದು ಚಾಚಲು ನೋಡುತ್ತಿದ್ದ. ಇಬ್ಬರ ನಡುವೆ ಮರಿಬಸಪ್ಪನ ದೇಹ, ಹಣೆಯ ಮೇಲೆ ಆಗತಾನೇ ಬಳಿದ ವಿಭೂತಿಯೊಂದಿಗೆ, ಅತ್ತಿತ್ತ ಓಲಾಡಿತು.

"ಬಿಡಕ್ಕಾ. ವ್ಯಾನ್ ಬಂದೈತಿ. ಮಲಗಿಸಿಕೊಂಡು ನೆಟ್ಟಗ ಕುರುಗೋಡಿಗೆ ಹೋಗಿ ಮಣ್ಣು ಮಾಡಿದರ ಆತು."

"ನಮ್ಮಪ್ಪನ್ನ ಕುಂದರಿಸಿದ್ವಿ. ಅವ್ವನ್ನ ಕುಂದರಿಸಿದ್ವಿ. ಇವನ್ನ ಯಾಕ ಮಲಗಿಸಬೇಕು?"

"ಸಿರುಗುಪ್ಪದಿಂದ ನನ್ನ ಬೀಗರು ಬರಾಕತ್ಯಾರ. ಹುಚ್ಚನ್ನ ಸಿಂಗಾರ ಮಾಡಿ ಭಜನಿಗೆ ಕುಂದರಿಸಿದರ ನಗ್ತಾರ."

"ನಗಲಿ. ಯಾಕ ನಗ್ತಾರ ಅಂತ ಇವತ್ತು ಅವನು ನನ್ನ ಕೇಳೂದಿಲ್ಲ."

ಸತ್ತವರನ್ನು ಹೂವಿನಿಂದ ಸಿಂಗರಿಸಿ ಕೂರಿಸುವುದು, ಕೂತಂತೆಯೇ ಸಮಾಧಿ ಮಾಡುವುದು ಅವರ ಮನೆತನದ ಪದ್ಧತಿ. ಪಕ್ಕದ ಮನೆಯ ಟೇಲರ್ ಹೊನ್ನೂರಸ್ವಾಮಿ ಬಾಗಿಲಲ್ಲಿ ನಿಂತಿದ್ದ.

"ಜಲ್ದಿ ಮಾಡ್ರಿ. ಜೀವ ಹೋಗಿ ಮೂರು ತಾಸಾತು. ಮೈ ಬಿಗಿದರ ಆಮ್ಯಾಲ ಕುಂದರಿಸಾಕ ಆಗೂದಿಲ್ಲ. ಬರೇ ಗ್ವಾಡಿಗೆ ನಿಲ್ಲಾಂಗಿಲ್ಲ, ಕುರ್ಚಿ ಬೇಕು."

ಕೌಲ್ ಬಜಾರಿನ ಆ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಕುರ್ಚಿ ಇರಲಿಲ್ಲ.

*

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮರಿಬಸಪ್ಪನಿಗೆ ಇಲ್ಲದವರ ದನಿ ಕೇಳತೊಡಗಿತ್ತು. ಗಾಂಧಿನಗರದ ಡಾಕ್ಟರು ಸ್ಕಿಜೋಫ್ರೇನಿಯಾ ಎಂದರು. ಗುಳಿಗೆಗೆ ದನಿಗಳು ಅಡಗಿದವು. ಆದರೆ ಎದುರಿನವರ ಮುಖ ಅವನಿಗೆ ತಿಳಿಯದೇ ಹೋಯಿತು. ಸಿಟ್ಟು ಯಾವುದು, ಬೇಸರ ಯಾವುದು, ಬಾಯಲ್ಲಿ ಬಾ ಎಂದು ಕಣ್ಣಲ್ಲಿ ಹೋಗೆನ್ನುವುದು ಯಾವುದು, ಒಂದೂ ತಿಳಿಯುತ್ತಿರಲಿಲ್ಲ.

"ಇದೂ ಆ ಬ್ಯಾನಿಯೊಳಗಿಂದು ರೀ, ಮೊಂಡತನ ಅಲ್ಲ. ಬಿಡಿಸಿ ಹೇಳ್ರಿ" ಎಂದಿದ್ದರು ಡಾಕ್ಟರು.

ಜಡೆಮ್ಮ ಬಿಡಿಸಿ ಹೇಳುತ್ತಿದ್ದಳು: "ಈಗ ನನಗ ಸಿಟ್ಟು ಬಂದೈತಿ, ಬಸಣ್ಣಾ. ನಿನ್ನ ಮ್ಯಾಲಲ್ಲ, ಹಾಲಿನವನ ಮ್ಯಾಲ."

ಚಂದ್ರಣ್ಣನ ಜೀನ್ಸ್ ಕಾರ್ಖಾನೆಯಲ್ಲಿ ಹೊಲಿದ ಪ್ಯಾಂಟುಗಳಿಂದ ಜೋತಾಡುವ ನೂಲು ಕತ್ತರಿಸುವುದು ಅವನ ಕೆಲಸ. ನಾಲ್ಕು ವರ್ಷ ಮಾಡಿದ. ಒಂದು ಎಳೆ ಬಿಟ್ಟವನಲ್ಲ. ಅಲ್ಲೇ ಹೊಲಿಯುತ್ತಿದ್ದ ಹೊನ್ನೂರಸ್ವಾಮಿ ಜೋಕು ಹೇಳುವ ಮೊದಲು "ಇದು ತಮಾಷಿ ಲೇ" ಎನ್ನುತ್ತಿದ್ದ. ಮರಿಬಸಪ್ಪ ಆಗ ನಗುತ್ತಿದ್ದ, ಎಲ್ಲರಿಗಿಂತ ತುಸು ತಡವಾಗಿ.

ಹೊನ್ನೂರಸ್ವಾಮಿ ಬಾರದಿದ್ದ ಒಂದು ದಿನ, ಮಾಲು ಕೊಳ್ಳಲು ಬಂದವರ ಎದುರಿಗೇ ಮರಿಬಸಪ್ಪ, "ಇದರಾಗ ಐದು ಪ್ಯಾಂಟಿನ ಜಿಪ್ ಕೆಟ್ಟಾವ್ರಿ" ಎಂದುಬಿಟ್ಟ. ಅವರು ಹೋದ ಮೇಲೆ ಚಂದ್ರಣ್ಣ ಕೈಮುಗಿದ.

"ಆತು ಸಾವ್ಕಾರ! ನಾಳಿಂದ ನೀನ ಮಾಲಕ. ಮುಂಜಾನಿ ಬಂದು ನನ್ನ ಕುರ್ಚಿ ಮ್ಯಾಲ ಕುಂದ್ರು."

ಎಲ್ಲರೂ ನಕ್ಕರು.

ಮರುದಿನ ಮರಿಬಸಪ್ಪ ಸ್ನಾನ ಮಾಡಿ, ವಿಭೂತಿ ಧರಿಸಿ, ಒಗೆದ ಅಂಗಿ ತೊಟ್ಟು ಎಲ್ಲರಿಗಿಂತ ಮೊದಲು ಹೋಗಿ ಆ ಕುರ್ಚಿಯಲ್ಲಿ ಕುಳಿತ. ಚಂದ್ರಣ್ಣ ಕಾಲರ್ ಹಿಡಿದು ಎಬ್ಬಿಸಿ ಬೀದಿಗೆ ತಳ್ಳಿದ. ಯಾರೋ ಫೋನಿನಲ್ಲಿ ಅದನ್ನೆಲ್ಲ ಹಿಡಿದರು. ಓಣಿಯೇ ನೋಡಿ ನಕ್ಕಿತು.

ಆಮೇಲಿನ ಎರಡು ವರ್ಷ ಅವನು ಹೊಸ್ತಿಲು ದಾಟಲಿಲ್ಲ. ಮನೆಯೊಳಗೂ ಚಾಪೆಯ ಮುಂದೆ ನಿಂತು ಕೇಳುತ್ತಿದ್ದ: "ಅಕ್ಕಾ, ಕುಂದ್ರಲೇನು?"

"ಕುಂದ್ರಪ್ಪಾ. ಇದು ತಮಾಷಿ ಅಲ್ಲ."

*

ಕುರ್ಚಿ ಎಲ್ಲಿಂದ ತರುವುದೆಂದು ಯೋಚಿಸುವಷ್ಟರಲ್ಲಿ ಚಂದ್ರಣ್ಣ ಮಾಲೆ ಹಿಡಿದು ಬಂದ.

"ದೇವರಂಥ ಮನಿಷ್ಯ ರೀ ಅಮ್ಮಾ. ನಮ್ಮನಿ ಹುಡುಗ ಇದ್ದಂಗಿದ್ದ. ಏನಾರ ಬೇಕಂದ್ರ ಸಂಕೋಚ ಮಾಡಬ್ಯಾಡ್ರಿ, ಕೇಳ್ರಿ."

ಇಂಥ ಮಾತಿಗೆ ಏನೂ ಕೇಳಬಾರದೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಜಡೆಮ್ಮನಿಗೂ ಗೊತ್ತಿತ್ತು.

"ನಿಮ್ಮ ಕುರ್ಚಿ ಬೇಕು" ಎಂದಳು.

"ಅಮ್ಮಾ, ಅವತ್ತಿಂದು ಬರೇ ತಮಾಷಿ..."

"ಮುಖ ನೋಡಿ ತಿಳಕೊಳ್ಳಾಕ ಅವನಿಗೆ ಬರ್ತಿದ್ದಿಲ್ಲ. ಅದು ಶಿವ ಕೊಟ್ಟ ಬ್ಯಾನಿ. ನಿಮಗ ಬರ್ತೈತಲ್ಲ? ಆ ಕುರ್ಚಿ ಮ್ಯಾಲ ಕುಂತಾಗ ಅವನ ಮುಖದಾಗ ಎಷ್ಟು ಖುಷಿ ಇತ್ತು, ಫೋನಿನಾಗ ನಾನೂ ನೋಡೀನಿ. ಎದುರಿಗೆ ನಿಂತ ನಿಮಗ ಕಾಣಲಿಲ್ಲೇನು?"

"ಅಕ್ಕಾ, ಮಂದಿ ಅದಾರ" ಎಂದ ವಿರೂಪಾಕ್ಷಿ.

"ಅವತ್ತೂ ಇದ್ದರು."

ಹೊನ್ನೂರಸ್ವಾಮಿ ಯಾರ ಉತ್ತರಕ್ಕೂ ಕಾಯಲಿಲ್ಲ. ಕಾರ್ಖಾನೆಗೆ ಹೋಗಿ ಆ ಕಪ್ಪು ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಂದ. ವಿರೂಪಾಕ್ಷಿ ಕಾಲು ಬಿಟ್ಟು ತಮ್ಮನ ಕಂಕುಳಿಗೆ ಕೈ ಕೊಟ್ಟ. ಮೊಣಕಾಲುಗಳು ಬಿಗಿಯತೊಡಗಿದ್ದವು, ನಿಧಾನಕ್ಕೆ ಮಡಚಿಕೊಂಡವು.

"ಕುಂದ್ರಪ್ಪಾ" ಎಂದಳು ಜಡೆಮ್ಮ, ಅವನ ಕಿವಿಯ ಹತ್ತಿರ.

ಎದೆಗೆ ಬಿಳಿಯ ವಸ್ತ್ರ ಬಿಗಿದರು, ಕೊರಳಿಗೆ ರುದ್ರಾಕ್ಷಿ ಹಾಕಿದರು. ಭಜನೆ ಶುರುವಾಯಿತು. ಬಂದವರೆಲ್ಲ ನೆಲದ ಮೇಲೆ ಕುಳಿತರು. ಚಂದ್ರಣ್ಣನೊಬ್ಬನೇ ಮಾಲೆ ಹಿಡಿದು ತನ್ನ ಕುರ್ಚಿಯ ಎದುರು ನಿಂತಿದ್ದ. ಹಾಕಲೋ ಬೇಡವೋ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾರ ಮುಖದಿಂದಲೂ ಅವನಿಗೆ ಏನೂ ತಿಳಿಯಲಿಲ್ಲ.