ಲೋಟ ಹತ್ತಿತಾ?

ಹತ್ತು ಗಂಟೆಗೆ ಆನೆಮರಿಯನ್ನು ಗುಜರಿಗೆ ಎಳೆದೊಯ್ಯಲು ಮೆಕ್ಯಾನಿಕ್ ಬರುವವನಿದ್ದ. ಒಂಬತ್ತಕ್ಕೇ ಅಮ್ಮ ಬಕೆಟ್ಟು, ಬಟ್ಟೆ ಹಿಡಿದು ಅದರೊಳಗೆ ಹೊಕ್ಕಿದ್ದಳು.

“ಗುಜರಿಗೆ ಹೋಗೋ ಗಾಡಿಗೆ ಸ್ನಾನ ಬೇರೆ!” ಎಂದಳು ಮಗಳು, ಗೇಟಿನ ಬಳಿ ನಿಂತು.

“ಕೊಳೆ ಮುಖದಲ್ಲಿ ಯಾರನ್ನೂ ಮನೆಯಿಂದ ಕಳಿಸಬಾರದು ಕಣೇ.”

ಆನೆಮರಿ ಎಂದರೆ ಮೂವತ್ತು ವರ್ಷ ಹಳೆಯ, ಬೂದುಬಣ್ಣದ ಕ್ಯಾಂಪರ್ ವ್ಯಾನು. ಒಳಗೆ ಮಡಚುವ ಹಾಸಿಗೆ, ಒಂದು ಒಲೆ, ಬೊಗಸೆಯಷ್ಟು ಸಿಂಕು, ಅದರ ಮೇಲೆ ಲೋಟ ನೇತುಹಾಕಲು ನಾಲ್ಕು ಕೊಕ್ಕೆ. ರೇಡಿಯೋ ರಿಪೇರಿ ಮಾಡುತ್ತಿದ್ದ ಅಪ್ಪ ಇದನ್ನೆಲ್ಲ ತನ್ನ ಕೈಯಾರೆ ಕೂಡಿಸಿದ್ದ. ಅವನು ತೀರಿಕೊಂಡು ಎರಡು ವರ್ಷ. ಅಂದಿನಿಂದ ಗಾಡಿ ಒಂದು ಸಲವೂ ಸ್ಟಾರ್ಟ್ ಆಗಿರಲಿಲ್ಲ. ಮೆಕ್ಯಾನಿಕ್ ಹೊಸ ಬ್ಯಾಟರಿ ಹಾಕಿದ, ಹಳೆ ಪೆಟ್ರೋಲ್ ಬಸಿದು ಹೊಸದು ತುಂಬಿದ, ತಲೆ ಕೆರೆದುಕೊಂಡ. ಗಾಡಿ ಕೆಮ್ಮಲೂ ಇಲ್ಲ.

ಆದರೂ ಅಮ್ಮ ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಹೋದ ವಾರ ಯಾರೋ ಬಾಗಿಲ ಬೀಗ ಮುರಿದು, ಸ್ಟಿಯರಿಂಗ್ ಕೆಳಗಿನ ತಂತಿಗಳನ್ನು ಕರುಳಿನಂತೆ ಎಳೆದುಹಾಕಿ ಹೋದರು. ಬೀದಿಯ ಇನ್ನೆರಡು ಹಳೇ ವ್ಯಾನುಗಳು ಅಂದೇ ಮಾಯವಾಗಿದ್ದವು. ಮೆಕ್ಯಾನಿಕ್ ತಂತಿಗಳನ್ನು ಮತ್ತೆ ಜೋಡಿಸಿ ನೋಡಿದ, ಊಹೂಂ.

“ಕಳ್ಳರೇ ಬೇಡ ಅಂತ ಬಿಟ್ಟುಹೋದ ಗಾಡಿ ಅಮ್ಮಾ ಇದು,” ಎಂದಿದ್ದಳು ಮಗಳು. “ನೀನು ದಿನಾ ಎದ್ದು ಇದೆಯೋ ಇಲ್ವೋ ಅಂತ ಇಣುಕೋದು ನನ್ನಿಂದ ನೋಡಕ್ಕಾಗಲ್ಲ.”

ಗುಜರಿಗೆ ಹಾಕಲು ಅಮ್ಮ ಹೂಂ ಎಂದುಬಿಟ್ಟಳು.

ಕಪಾಟಿನ ಬಾಗಿಲು ಒರೆಸುವಾಗ ಪೆನ್ಸಿಲ್ ಗೆರೆಗಳು ಕಂಡವು. ಪ್ರತಿ ಪ್ರವಾಸಕ್ಕೂ ಮುಂಚೆ ಮಗಳ ಎತ್ತರ ಅಳೆದು ಅಪ್ಪ ಹಾಕಿದ ಗುರುತು. ಅಮ್ಮ ಆ ಜಾಗವನ್ನು ಬಿಟ್ಟು ಸುತ್ತ ಒರೆಸಿದಳು. ಅಳತೆ ಮುಗಿದ ಮೇಲೆ ಅಪ್ಪ ಸೀಟಿನಲ್ಲಿ ಕೂತು ಒಂದೇ ಪ್ರಶ್ನೆ ಕೇಳುತ್ತಿದ್ದ: “ಲೋಟ ಹತ್ತಿತಾ?”

ಹೆಂಡತಿ ಹತ್ತಿದಳಾ, ಮಗಳು ಹತ್ತಿದಳಾ ಎಂದಲ್ಲ. ಅವನ ಹಿಡಿಕೆಯಿರುವ ನೀಲಿ ಲೋಟ, ಕಲ್ಲಿನಷ್ಟು ಭಾರದ್ದು, ಕೊನೆಯ ಕೊಕ್ಕೆಗೆ ಬೀಳುವ ತನಕ ಕೀಲಿಗೆ ಕೈ ಹಾಕುತ್ತಿರಲಿಲ್ಲ. ಮನೆಗೆ ಮರಳಿದರೂ ಅಷ್ಟೇ, ಗಂಟುಮೂಟೆ ಇಳಿಸುವ ಮೊದಲು ಲೋಟ ಹಿಡಿದು ಒಳಗೆ ನಡೆಯುತ್ತಿದ್ದ.

“ಜನ ಹೆಂಡತಿ ಕೈ ಹಿಡ್ಕೊಂಡು ಇಳೀತಾರೆ, ನೀವು ಲೋಟ ಹಿಡ್ಕೊಂಡು ಇಳೀತೀರಿ,” ಎಂದು ಅಮ್ಮ ಹಂಗಿಸಿದರೆ, “ಹೆಂಡತೀನ ಯಾರು ಕದೀತಾರೆ ಬಿಡೇ,” ಎಂದು ನಗುತ್ತಿದ್ದ.

ಗುಟ್ಟಿನ ವಿಷಯದಲ್ಲಿ ಅವನು ಅಮ್ಮನನ್ನು ನಂಬುತ್ತಿರಲಿಲ್ಲ. ತಪ್ಪೂ ಅವಳದ್ದೇ. ಗಾಡಿಯ ಇನ್ನೊಂದು ಕೀಲಿ ಹೂಕುಂಡದ ಕೆಳಗಿದೆ ಎಂದು ಹಾಲಿನವಳಿಂದ ಅಂಚೆಯವನ ತನಕ ಎಲ್ಲರಿಗೂ ಹೇಳಿ ಬಂದಿದ್ದಳು. “ನಿನ್ನ ಬಾಯಲ್ಲಿ ಎಳ್ಳು ಕಾಳು ನೆನೆಯಲ್ಲ,” ಎಂದು ಅಂದೇ ಕೀಲಿಯನ್ನು ಅಲ್ಲಿಂದ ಎತ್ತಿಟ್ಟಿದ್ದ.

ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ, “ಗಾಡಿ ತೆಗೆಯೋವಾಗ ಲೋಟ ಮರೀಬೇಡ,” ಎಂದಿದ್ದ. ಈ ಸ್ಥಿತಿಯಲ್ಲೂ ಇವರಿಗೆ ಟೀ ಚಿಂತೆ ಎಂದು ಅಮ್ಮ ಕಣ್ಣೊರೆಸಿಕೊಂಡಿದ್ದಳು. ಈಗ ದಿನಾ ಬೆಳಿಗ್ಗೆ ಆ ಲೋಟದಲ್ಲೇ ಅವಳ ಟೀ.

ಮೆಕ್ಯಾನಿಕ್ ಬಂದು ತನ್ನ ಜೀಪಿನಿಂದ ಹಗ್ಗ ಇಳಿಸಿದ. “ಸ್ಟಿಯರಿಂಗ್ ಲಾಕ್ ಬಿಡಿಸ್ಬೇಕು, ಕೀಲಿ ಕೊಡಿ ಅಮ್ಮಾ.”

“ಒಂದು ನಿಮಿಷ ತಡಿಯಪ್ಪಾ.”

ಅಡುಗೆಮನೆಗೆ ಓಡಿ, ಲೋಟ ತೊಳೆದು ತಂದಳು. ಇಷ್ಟು ವರ್ಷ ಜೊತೆಗೆ ತಿರುಗಿದ್ದು, ಹೋಗುವಾಗಲೂ ಜೊತೆಗಿರಲಿ ಎನಿಸಿತು. ಕೊನೆಯ ಕೊಕ್ಕೆಗೆ ನೇತುಹಾಕಿದಳು. ಭಾರಕ್ಕೆ ಕೊಕ್ಕೆ ಎಳ್ಳಷ್ಟು ಕೆಳಗಿಳಿದು, ಟಿಕ್ ಎಂದಿತು.

ಮೆಕ್ಯಾನಿಕ್ ಸೀಟಿನಲ್ಲಿ ಕೂತು, ಅವಳು ಕೊಟ್ಟ ಕೀಲಿ ತಿರುಗಿಸಿದ. ರೂಢಿಯ ಕೈ, ಇನ್ನೂ ಸ್ವಲ್ಪ ಮುಂದೆ ತಿರುಗಿಸಿತು. ಆನೆಮರಿ ಎರಡು ಸಲ ಕೆಮ್ಮಿ, ಮೈಯೆಲ್ಲ ಅದುರಿಸಿ ಘೀಳಿಟ್ಟಿತು. ಗೇಟಿನ ಮೇಲಿದ್ದ ಬೆಕ್ಕು ಹಾರಿ ಓಡಿತು.

ಅಮ್ಮ ಕೊಕ್ಕೆಯನ್ನೇ ನೋಡುತ್ತ ನಿಂತಳು. ಮೆಲ್ಲಗೆ ಲೋಟ ಎತ್ತಿದಳು. ಎಂಜಿನ್ ನಿಂತಿತು.

“ಅಯ್ಯೋ, ಆಫ್ ಆಯ್ತಲ್ಲ!”

ಲೋಟ ಮತ್ತೆ ಕೊಕ್ಕೆಗೆ ಬಿತ್ತು. “ಇನ್ನೊಂದು ಸಲ ತಿರುಗಿಸಪ್ಪಾ,” ಎಂದಳು. ಘೀಳು ಮತ್ತೆ ಕೇಳಿತು.

ಇವರು ಆಸ್ಪತ್ರೆಯಲ್ಲಿ ಕೊನೆಗೂ ಹೇಳಿಯೇ ಹೋಗಿದ್ದರು. ಕಳ್ಳರಿಂದ ಕಾಯಲು ಕೊಕ್ಕೆಯಲ್ಲಿ ಸ್ವಿಚ್ಚು ಅಡಗಿಸಿ ಹೂಡಿದ ಉಪಾಯ ಹೆಂಡತಿಯ ನಾಲಿಗೆಯಿಂದಲೂ ತಪ್ಪಿಸಿಕೊಂಡು ಅವಳ ಕೈಯಲ್ಲೇ ಎರಡು ವರ್ಷ ಬೆಚ್ಚಗೆ ಕೂತಿತ್ತು. ಅಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ಒರೆಸುವ ಬಟ್ಟೆಯಲ್ಲಿ ಮುಚ್ಚಿದಳು.

“ಏನು ಮಾಡಿದ್ರಿ ಅಮ್ಮಾ ಒಳಗೆ?” ಮೆಕ್ಯಾನಿಕ್ ಕಣ್ಣರಳಿಸಿದ.

ಬಾಯಿ ತೆರೆದವಳು ತುಟಿ ಕಚ್ಚಿದಳು.

“ಏನಿಲ್ಲ, ಮುಖ ತೊಳೆಸಿದೆ. ಅದಕ್ಕೆ ಮನಸ್ಸು ಬಂತು. ಹಗ್ಗ ಒಳಗಿಡಪ್ಪಾ, ಗಾಡಿ ಎಲ್ಲಿಗೂ ಹೋಗಲ್ಲ.”

ಮಗಳು ಅಷ್ಟರಲ್ಲಿ ಒಳಗೆ ಬಂದು ಗೆರೆಗಳನ್ನು ನೋಡುತ್ತಿದ್ದಳು. “ಅಮ್ಮಾ, ನಾಳೆ ಒಂದು ಸುತ್ತು ಹೋಗೋಣ್ವಾ? ನಾನೇ ಓಡಿಸ್ತೀನಿ.”

“ಓಡಿಸು. ಕೀಲಿ ಮುಟ್ಟೋ ಮುಂಚೆ ನಿಮ್ಮಪ್ಪನ ಹಾಗೆ ಕೇಳ್ಬೇಕು, ಅಷ್ಟೇ.”

“ಲೋಟ ಹತ್ತಿತಾ ಅಂತಾನಾ? ಈಗ್ಲೂ ಯಾಕೆ?”

“ಕೇಳೇ ಸುಮ್ನೆ,” ಎಂದು ಅಮ್ಮ ಲೋಟವನ್ನು ಎದೆಗವಚಿಕೊಂಡು ಇಳಿದಳು. ಹಿಂದೆ ಆನೆಮರಿ ತಟ್ಟನೆ ಸುಮ್ಮನಾಯಿತು.